ಮೋಟಾರ್‌ಸೈಕಲ್ ಎಚ್ಚರಿಕೆ ದೀಪಗಳು

ಮೋಟಾರ್‌ಸೈಕಲಿನ ಗೇರ್, ಆಯಿಲ್, ಬ್ರೇಕ್, ಚಾರ್ಜಿಂಗ್ ಮತ್ತು ದೀಪಗಳ ಸ್ಥಿತಿಯನ್ನು ಸವಾರನಿಗೆ ತಿಳಿಸಲು ಮೀಟರ್ ಫಲಕದಲ್ಲಿ ಕೂರಿಸುವ ಸಣ್ಣ ಬಣ್ಣದ ದೀಪಗಳು. ಮುಳ್ಳಿನ ಮೀಟರುಗಳು ಪ್ರಮಾಣವನ್ನು ಹೇಳಿದರೆ ಇವು ಹೌದು ಅಥವಾ ಇಲ್ಲ ಎಂಬಷ್ಟನ್ನೇ ಹೇಳುತ್ತವೆ. ಇವುಗಳಲ್ಲಿ ಎರಡು ಬಗೆ. ನ್ಯೂಟ್ರಲ್, ಹೈಬೀಮ್, ಇಂಡಿಕೇಟರ್ ದೀಪಗಳು ಸವಾರ ಮಾಡಿದ ಕ್ರಿಯೆಯನ್ನು ಖಚಿತಪಡಿಸುವ ಸೂಚಕಗಳು. ಆಯಿಲ್ ಒತ್ತಡ, ಎಂಜಿನ್ ದೋಷ, ಎಬಿಎಸ್, ಚಾರ್ಜಿಂಗ್ ದೀಪಗಳು ಸವಾರನಿಗೆ ಗೊತ್ತಾಗದೆ ನಡೆದದ್ದನ್ನು ತಿಳಿಸುವ ಎಚ್ಚರಿಕೆಗಳು.

ಕೆಫೆ ರೇಸರ್, ಬಾಬರ್, ಸ್ಕ್ರ್ಯಾಂಬ್ಲರ್ ಶೈಲಿಗೆ ಬೈಕನ್ನು ಮರುರೂಪಿಸುವವರು ಸಾಮಾನ್ಯವಾಗಿ ಮೂಲ ಮೀಟರ್ ಜೋಡಣೆಯನ್ನು ತೆಗೆದು ಒಂದೇ ಒಂದು ದುಂಡು ಮೀಟರನ್ನೋ ಡಿಜಿಟಲ್ ಪರದೆಯನ್ನೋ ಅಳವಡಿಸುತ್ತಾರೆ. ಆಗ ಹಳೆಯ ಫಲಕದಲ್ಲಿದ್ದ ದೀಪಗಳಿಗೆ ಹೊಸ ಜಾಗ, ಹೊಸ ತಂತಿ, ಎಷ್ಟೋ ಸಲ ಹೊಸ ಬಗೆಯ ದೀಪವೇ ಬೇಕಾಗುತ್ತದೆ. ದೀಪ ಉರಿಯುವಂತೆ ಮಾಡುವುದು ಸುಲಭ; ಉರಿಯಬೇಕಾದಾಗ ಮಾತ್ರ ಉರಿಯುವಂತೆ, ತಾನೇ ಕೆಟ್ಟಿದ್ದರೆ ಅದೂ ಗೊತ್ತಾಗುವಂತೆ ಮಾಡುವುದು ಈ ಕೆಲಸದ ತಿರುಳು.

ಹಿನ್ನೆಲೆ

ಮೊದಮೊದಲ ಮೋಟಾರ್‌ಸೈಕಲುಗಳಲ್ಲಿ ಎಚ್ಚರಿಕೆ ದೀಪಗಳಿರಲಿಲ್ಲ. 1955ರಿಂದ ಮದ್ರಾಸಿನಲ್ಲಿ ತಯಾರಾದ ರಾಯಲ್ ಎನ್‌ಫೀಲ್ಡ್ ಬುಲೆಟ್ ಇದಕ್ಕೆ ಭಾರತೀಯರಿಗೆ ಪರಿಚಿತವಾದ ಉದಾಹರಣೆ. ಅದರ ಹೆಡ್‌ಲೈಟ್ ಕವಚದ ಮೇಲಿದ್ದ ಆಮ್‌ಮೀಟರಿನ ಮುಳ್ಳು ಎಡಕ್ಕೆ ವಾಲಿದರೆ ಬ್ಯಾಟರಿ ಖಾಲಿಯಾಗುತ್ತಿದೆ, ಬಲಕ್ಕೆ ವಾಲಿದರೆ ಚಾರ್ಜ್ ಆಗುತ್ತಿದೆ ಎಂದು ಸವಾರ ತಿಳಿಯುತ್ತಿದ್ದ. ನ್ಯೂಟ್ರಲ್‌ಗೆ ದೀಪದ ಬದಲು ಹಿಮ್ಮಡಿಯಿಂದ ಒತ್ತುವ ‘ನ್ಯೂಟ್ರಲ್ ಫೈಂಡರ್’ ಪೆಡಲ್ ಇತ್ತು. ಆ ಕವಚದ ಎರಡು ಬದಿಯಲ್ಲಿದ್ದ ಪುಟ್ಟ ದೀಪಗಳು ಪಾರ್ಕಿಂಗ್ ದೀಪಗಳೇ ಹೊರತು ಎಚ್ಚರಿಕೆ ದೀಪಗಳಲ್ಲ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ತಯಾರಿಸಿದ ಜಾವಾ ಬೈಕುಗಳಲ್ಲಿ ಡೈನಮೊ ಚಾರ್ಜಿಂಗನ್ನು ತೋರುವ ಕೆಂಪು ದೀಪವಿತ್ತು. ಇದರ ತತ್ತ್ವ ಸರಳ. ದೀಪದ ಒಂದು ತುದಿ ಬ್ಯಾಟರಿಯ ಕಡೆಗೆ, ಇನ್ನೊಂದು ತುದಿ ಡೈನಮೊ ಕಡೆಗೆ. ಎಂಜಿನ್ ನಿಂತಿರುವಾಗ ಬ್ಯಾಟರಿಯಿಂದ ಡೈನಮೊ ಮೂಲಕ ಅರ್ತ್‌ಗೆ ಪ್ರವಾಹ ಹರಿದು ದೀಪ ಉರಿಯುತ್ತದೆ. ಡೈನಮೊ ವೋಲ್ಟೇಜ್ ಬ್ಯಾಟರಿಯ ಮಟ್ಟಕ್ಕೆ ಏರಿದಾಗ ಎರಡೂ ತುದಿ ಸಮನಾಗಿ ದೀಪ ಆರುತ್ತದೆ.

ಹಲವು ದೀಪಗಳನ್ನು ಒಟ್ಟಿಗೆ ಸವಾರನ ಕಣ್ಣೆದುರು ಇಡುವ ಪದ್ಧತಿಯನ್ನು ಬೆಳೆಸಿದವರು ಜಪಾನೀ ತಯಾರಕರು. 1969ರ ಹೋಂಡಾ ಸಿಬಿ750 ಬೈಕಿನಲ್ಲಿ ಸೆಲ್ಫ್ ಸ್ಟಾರ್ಟರಿನ ಜೊತೆಗೆ ನ್ಯೂಟ್ರಲ್, ಆಯಿಲ್ ಒತ್ತಡ, ಹೈಬೀಮ್ ಮತ್ತು ಇಂಡಿಕೇಟರ್ ದೀಪಗಳಿದ್ದವು. 1980ರ ದಶಕದಲ್ಲಿ ಜಪಾನೀ ಸಹಯೋಗದ 100 ಸಿಸಿ ಬೈಕುಗಳು ಭಾರತಕ್ಕೆ ಬಂದ ಮೇಲೆ ಹಸಿರು ನ್ಯೂಟ್ರಲ್ ದೀಪ ಇಲ್ಲಿನ ಸಾಮಾನ್ಯ ಸವಾರನಿಗೂ ರೂಢಿಯಾಯಿತು.

ಇತ್ತೀಚಿನ ಸೇರ್ಪಡೆಗಳಿಗೆ ಕಾನೂನೇ ಕಾರಣ. 125 ಸಿಸಿಗಿಂತ ಹೆಚ್ಚಿನ ಬೈಕುಗಳಿಗೆ ಎಬಿಎಸ್ 2018ರ ಏಪ್ರಿಲ್ 1ರಿಂದ ಹೊಸ ಮಾದರಿಗಳಲ್ಲಿ, 2019ರ ಏಪ್ರಿಲ್ 1ರಿಂದ ಎಲ್ಲ ಮಾದರಿಗಳಲ್ಲಿ ಕಡ್ಡಾಯವಾಯಿತು. 2020ರ ಏಪ್ರಿಲ್ 1ರಂದು ಬಿಎಸ್-6 ಮಾಲಿನ್ಯ ನಿಯಮ ಜಾರಿಯಾದಾಗ ಎಂಜಿನ್ ದೋಷವನ್ನು ತಾನೇ ಪತ್ತೆಹಚ್ಚುವ ವ್ಯವಸ್ಥೆ, ಅದರ ಹಿಂದೆಯೇ ಹಳದಿ ಎಂಜಿನ್ ದೀಪ ಸಣ್ಣ ಬೈಕುಗಳಿಗೂ ಬಂತು.

ಬಣ್ಣ ಮತ್ತು ಸಂಕೇತ

ದೀಪದ ಬಣ್ಣ ತಯಾರಕರ ಇಷ್ಟಕ್ಕೆ ಬಿಟ್ಟದ್ದಲ್ಲ. ಮೋಟಾರ್‌ಸೈಕಲ್ ಸಂಕೇತಗಳಿಗೆ ಐಎಸ್‌ಒ 6727, ರಸ್ತೆ ವಾಹನಗಳಿಗೆ ಒಟ್ಟಾರೆಯಾಗಿ ಐಎಸ್‌ಒ 2575 ಎಂಬ ಮಾನಕಗಳಿವೆ. ವಿಶ್ವಸಂಸ್ಥೆಯ 60ನೇ ವಾಹನ ನಿಯಮವೂ ದ್ವಿಚಕ್ರ ವಾಹನಗಳ ನಿಯಂತ್ರಕ ಮತ್ತು ಸೂಚಕಗಳನ್ನು ಕುರಿತದ್ದು. ಹೈಬೀಮ್‌ಗೆ ನೀಲಿ, ನ್ಯೂಟ್ರಲ್‌ಗೆ ಹಸಿರು, ಇಂಡಿಕೇಟರಿಗೆ ಹಸಿರು ಇವು ಸಾಮಾನ್ಯ. ತಕ್ಷಣ ನಿಲ್ಲಿಸಬೇಕಾದ ಆಯಿಲ್ ಒತ್ತಡ ಹಾಗೂ ಅತಿಶಾಖಕ್ಕೆ ಕೆಂಪು. ಆದಷ್ಟು ಬೇಗ ಗಮನ ಕೊಡಬೇಕಾದ ಎಂಜಿನ್ ದೋಷ, ಎಬಿಎಸ್, ಕಡಿಮೆ ಪೆಟ್ರೋಲ್‌ಗೆ ಹಳದಿ.

ಫಲಕವನ್ನು ಹೊಸದಾಗಿ ಕಟ್ಟುವಾಗ ಚೆಂದಕ್ಕಾಗಿ ಎಲ್ಲ ದೀಪಗಳನ್ನೂ ಒಂದೇ ಬಣ್ಣದಲ್ಲಿ ಇಡುವುದು ಈ ಕ್ರಮವನ್ನು ಕೆಡಿಸುತ್ತದೆ. ಬೈಕನ್ನು ಇನ್ನೊಬ್ಬರು ಓಡಿಸಿದಾಗ, ಮಾರಿದಾಗ ಅಥವಾ ಗ್ಯಾರೇಜಿಗೆ ಬಿಟ್ಟಾಗ ಆ ದೀಪಗಳು ಯಾರಿಗೂ ಅರ್ಥವಾಗುವುದಿಲ್ಲ.

ಮಂಡಲದ ಎರಡು ಬಗೆ

ಯಾವುದೇ ದೀಪವನ್ನು ಸ್ಥಳಾಂತರಿಸುವ ಮುನ್ನ ಅದರ ಸ್ವಿಚ್ ಯಾವ ಕಡೆಗಿದೆ ಎಂದು ತಿಳಿಯಬೇಕು. ಮೊದಲ ಬಗೆಯಲ್ಲಿ ಸ್ವಿಚ್ ಪಾಸಿಟಿವ್ ಕಡೆಗಿರುತ್ತದೆ: ದೀಪದ ಒಂದು ತುದಿ ಸದಾ ಅರ್ತ್‌ನಲ್ಲಿದ್ದು, ಸ್ವಿಚ್ ಒತ್ತಿದಾಗ 12 ವೋಲ್ಟ್ ಬರುತ್ತದೆ. ಹೈಬೀಮ್ ಮತ್ತು ಇಂಡಿಕೇಟರ್ ಸಾಮಾನ್ಯವಾಗಿ ಹೀಗೆ. ಎರಡನೆಯದರಲ್ಲಿ ಸ್ವಿಚ್ ಅರ್ತ್ ಕಡೆಗಿರುತ್ತದೆ: ಕೀ ಹಾಕಿದೊಡನೆ ದೀಪಕ್ಕೆ 12 ವೋಲ್ಟ್ ಬಂದಿರುತ್ತದೆ, ಎಂಜಿನ್ನಿನಲ್ಲಿರುವ ಸ್ವಿಚ್ ಮತ್ತೊಂದು ತುದಿಯನ್ನು ಎಂಜಿನ್ ಕವಚಕ್ಕೆ ಸೇರಿಸಿದಾಗ ಉರಿಯುತ್ತದೆ. ನ್ಯೂಟ್ರಲ್ ಮತ್ತು ಆಯಿಲ್ ಒತ್ತಡದ ದೀಪಗಳು ಹೀಗೆ. ಇಸಿಯು (ಎಂಜಿನ್ನಿನ ನಿಯಂತ್ರಣ ಕಂಪ್ಯೂಟರ್) ನಿಯಂತ್ರಿಸುವ ಎಂಜಿನ್ ದೀಪವೂ ಬಹುಪಾಲು ಹೀಗೆಯೇ.

ಎಲ್ಲ ದೀಪಗಳಿಗೂ ಒಂದೇ ಅರ್ತ್ ತಂತಿ ಕೊಟ್ಟು ಮುಗಿಸುವುದು ಹೊಸಬರ ಸಾಮಾನ್ಯ ತಪ್ಪು. ಹಾಗೆ ಮಾಡಿದರೆ ನ್ಯೂಟ್ರಲ್ ಮತ್ತು ಆಯಿಲ್ ದೀಪಗಳು ಕೀ ಹಾಕಿದ ಕ್ಷಣದಿಂದ ಆರದೆ ಉರಿಯುತ್ತವೆ. ಸರಿಯಾದ ಪದ್ಧತಿಯಲ್ಲಿ ಫಲಕಕ್ಕೆ ಎರಡು ಸಾಮಾನ್ಯ ತಂತಿಗಳು ಬರುತ್ತವೆ: ಕೀಯಿಂದ ಬರುವ ಫ್ಯೂಸಿನ ಪಾಸಿಟಿವ್ ಒಂದು, ಅರ್ತ್ ಒಂದು. ಆಯಾ ದೀಪ ತನ್ನ ಬಗೆಗೆ ತಕ್ಕಂತೆ ಇವೆರಡರಲ್ಲಿ ಒಂದಕ್ಕೆ ಸೇರುತ್ತದೆ. ಹಳೆಯ ಬ್ರಿಟಿಷ್ ಬೈಕುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯೇ ಚಾಸಿಗೆ ಸೇರಿರುತ್ತದೆ. ಅಲ್ಲಿ ಎಲ್‌ಇಡಿಯ ದಿಕ್ಕನ್ನು ತಿರುಗಿಸಬೇಕು.

ಬಲ್ಬಿನಿಂದ ಎಲ್‌ಇಡಿಗೆ

ಹಳೆಯ ಫಲಕಗಳಲ್ಲಿ ಸಾಮಾನ್ಯವಾಗಿ 1.2ರಿಂದ 3.4 ವ್ಯಾಟಿನವರೆಗಿನ ತಂತು ಬಲ್ಬುಗಳಿರುತ್ತವೆ. 12 ವೋಲ್ಟಿನಲ್ಲಿ 3 ವ್ಯಾಟಿನ ಬಲ್ಬು ಕಾಲು ಆಂಪಿಯರ್ ಎಳೆಯುತ್ತದೆ. ಎಲ್‌ಇಡಿಗೆ ಅದರ ಹತ್ತರಲ್ಲೊಂದು ಭಾಗವೂ ಬೇಡ. ಕಂಪನಕ್ಕೆ ಎಲ್‌ಇಡಿ ಹೆಚ್ಚು ಬಾಳುತ್ತದೆ. ಆದರೆ ಬಲ್ಬಿನ ಜಾಗದಲ್ಲಿ ಅದನ್ನು ಹಾಗೆಯೇ ಇಡುವಂತಿಲ್ಲ.

ಎಲ್‌ಇಡಿಗೆ ದಿಕ್ಕುಂಟು, ಪ್ರವಾಹವನ್ನು ಮಿತಿಗೊಳಿಸಲು ರೆಸಿಸ್ಟರ್ ಬೇಕು. ಲೆಕ್ಕವನ್ನು 12 ವೋಲ್ಟಿಗಲ್ಲ, ಎಂಜಿನ್ ಓಡುವಾಗಿನ ಸುಮಾರು 14.4 ವೋಲ್ಟಿಗೆ ಹಾಕಬೇಕು. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತೆಗೆದುಕೊಳ್ಳುತ್ತದೆ. ಉಳಿದ 12.4 ವೋಲ್ಟನ್ನು 10 ಮಿಲಿಆಂಪಿಯರಿಗೆ ಭಾಗಿಸಿದರೆ 1,240 ಓಮ್. ಅಂಗಡಿಯಲ್ಲಿ ಸಿಗುವ 1,200 ಓಮಿನ ಕಾಲು ವ್ಯಾಟ್ ರೆಸಿಸ್ಟರ್ ಸಾಕು. 20 ಮಿಲಿಆಂಪಿಯರ್ ಕೊಡುವುದಾದರೆ ರೆಸಿಸ್ಟರಿನಲ್ಲಿ ಕಾಲು ವ್ಯಾಟಿನಷ್ಟು ಶಾಖ ಹುಟ್ಟುವುದರಿಂದ ಅರ್ಧ ವ್ಯಾಟಿನದನ್ನು ಬಳಸಬೇಕು. ‘12 ವೋಲ್ಟ್ ಎಲ್‌ಇಡಿ’ ಎಂದು ಮಾರುವ ದೀಪಗಳ ಒಳಗೆ ಈ ರೆಸಿಸ್ಟರ್ ಮೊದಲೇ ಇರುತ್ತದೆ.

ನೀಲಿ ಹೈಬೀಮ್ ದೀಪಕ್ಕೆ ಮಾತ್ರ ಬೇರೆ ಲೆಕ್ಕ. ರಾತ್ರಿಯಷ್ಟೇ ಬಳಕೆಯಾಗುವ ಅದು ಪೂರ್ಣ ಪ್ರಕಾಶದಲ್ಲಿ ಉರಿದರೆ ಸವಾರನ ಕಣ್ಣನ್ನೇ ಕುಕ್ಕುತ್ತದೆ. ಸುಮಾರು 3.2 ವೋಲ್ಟಿನ ನೀಲಿ ಎಲ್‌ಇಡಿಗೆ 5,600 ಓಮ್ ಹಾಕಿದರೆ ಪ್ರವಾಹ 2 ಮಿಲಿಆಂಪಿಯರಿಗೆ ಇಳಿಯುತ್ತದೆ. ಇದಕ್ಕೆ ವಿರುದ್ಧವಾಗಿ ನ್ಯೂಟ್ರಲ್ ಹಾಗೂ ಆಯಿಲ್ ದೀಪಗಳು ನಡುಹಗಲ ಬಿಸಿಲಿನಲ್ಲೂ ಕಾಣಬೇಕು. ಅವುಗಳಿಗೆ ಪ್ರಕಾಶ ಹೆಚ್ಚಿಸುವುದಕ್ಕಿಂತ ಫಲಕದಲ್ಲಿ ಒಂದಿಷ್ಟು ಒಳಗೆ ತಗ್ಗಿಸಿ, ಮೇಲೆ ಚಿಕ್ಕ ನೆರಳಂಚು ಕೊಡುವುದು ಹೆಚ್ಚು ಫಲಕಾರಿ.

ಎಲ್‌ಇಡಿ ಹಿಮ್ಮುಖ ವೋಲ್ಟೇಜನ್ನು ಸುಮಾರು 5 ವೋಲ್ಟಿನವರೆಗೆ ಮಾತ್ರ ತಡೆಯಬಲ್ಲದು. ಹಾರ್ನ್, ರಿಲೇಗಳ ಕಾಯಿಲುಗಳು ಬಂದ್ ಆಗುವಾಗ ಹೊಮ್ಮಿಸುವ ಹಿಮ್ಮುಖ ಏರಿಕೆಯಿಂದ ಅದನ್ನು ಕಾಯಲು ಸಾಲಿನಲ್ಲಿ 1ಎನ್4007 ಡಯೋಡ್ ಒಂದನ್ನು ಸೇರಿಸುವುದುಂಟು.

ದೀಪವಾರು ವಿವರ

ನ್ಯೂಟ್ರಲ್: ಗೇರ್ ಡ್ರಮ್ಮಿನ ತುದಿಯಲ್ಲಿರುವ ಸ್ವಿಚ್ ನ್ಯೂಟ್ರಲ್ ಸ್ಥಾನದಲ್ಲಿ ಅರ್ತ್ ಆಗುತ್ತದೆ. ಸೆಲ್ಫ್ ಸ್ಟಾರ್ಟ್ ಇರುವ ಹಲವು ಬೈಕುಗಳಲ್ಲಿ ಇದೇ ಸ್ವಿಚ್ ಸ್ಟಾರ್ಟರ್ ರಿಲೇಗೂ ಅನುಮತಿ ಕೊಡುತ್ತದೆ. ಗೇರಿನಲ್ಲಿದ್ದರೆ ಕ್ಲಚ್ ಸ್ವಿಚ್ ಆ ಕೆಲಸ ಮಾಡುತ್ತದೆ. ಎರಡು ಸ್ವಿಚ್‌ಗಳ ನಡುವೆ ಒಂದು ಡಯೋಡ್ ಇದ್ದು, ಕ್ಲಚ್ ಸ್ವಿಚ್ಚಿನ ಅರ್ತ್ ನ್ಯೂಟ್ರಲ್ ದೀಪಕ್ಕೆ ತಲುಪದಂತೆ ತಡೆಯುತ್ತದೆ. ವೈರಿಂಗ್ ಸರಳಗೊಳಿಸುವ ಭರದಲ್ಲಿ ಡಯೋಡ್ ತೆಗೆದು ತಂತಿಗಳನ್ನು ನೇರ ಕೂಡಿಸಿದರೆ, ಗೇರಿನಲ್ಲಿರುವಾಗಲೇ ಕ್ಲಚ್ ಹಿಡಿದೊಡನೆ ಹಸಿರು ದೀಪ ಉರಿಯುತ್ತದೆ. ಅದನ್ನು ನಂಬಿ ಕ್ಲಚ್ ಬಿಟ್ಟ ಸವಾರನ ಬೈಕು ಮುಂದಕ್ಕೆ ನುಗ್ಗುತ್ತದೆ. ಫಲಕದ ವೈರಿಂಗಿನಲ್ಲಿ ಇಷ್ಟು ಅಪಾಯಕಾರಿಯಾದ ತಪ್ಪು ಇನ್ನೊಂದು ಇರಲಾರದು.

ಆಯಿಲ್ ಒತ್ತಡ: ಒತ್ತಡವಿಲ್ಲದಾಗ ಸ್ವಿಚ್ ಮುಚ್ಚಿರುತ್ತದೆ, ಸಾಮಾನ್ಯವಾಗಿ 0.2ರಿಂದ 0.5 ಬಾರ್ ಒತ್ತಡದಲ್ಲಿ ತೆರೆಯುತ್ತದೆ. ಆದ್ದರಿಂದ ಕೀ ಹಾಕಿದಾಗ ದೀಪ ಉರಿದು, ಎಂಜಿನ್ ಶುರುವಾದ ಕೆಲವೇ ಕ್ಷಣಗಳಲ್ಲಿ ಆರಬೇಕು. ಈ ದೀಪ ಹೇಳುವುದು ಒತ್ತಡವನ್ನು, ಆಯಿಲ್ ಮಟ್ಟವನ್ನಲ್ಲ. ಕೆಲವು ಎರಡು-ಸ್ಟ್ರೋಕ್ ಬೈಕುಗಳಲ್ಲಿ ಆಯಿಲ್ ಟ್ಯಾಂಕಿನ ತೇಲುಸ್ವಿಚ್ಚಿನಿಂದ ಉರಿಯುವ ದೀಪ ಮಟ್ಟವನ್ನು ತೋರುತ್ತದೆ. 100 ಸಿಸಿ ಬೈಕುಗಳಲ್ಲಿ ಸಾಮಾನ್ಯವಾಗಿ ಒತ್ತಡದ ಸ್ವಿಚ್ಚೇ ಇರುವುದಿಲ್ಲ.

ಇಂಡಿಕೇಟರ್: ಹಳೆಯ ಬೈಕುಗಳಲ್ಲಿ ಎಡ, ಬಲ ಎರಡಕ್ಕೂ ಒಂದೇ ದೀಪ. ಅದರ ಒಂದು ತುದಿ ಎಡ ಸಾಲಿಗೆ, ಇನ್ನೊಂದು ಬಲ ಸಾಲಿಗೆ ಸೇರಿರುತ್ತದೆ. ಎಡಕ್ಕೆ ಹಾಕಿದಾಗ ಪ್ರವಾಹ ಈ ದೀಪದ ಮೂಲಕ ಹಾದು ಬಲಗಡೆಯ ಆರಿರುವ ಬಲ್ಬುಗಳ ತಂತುವಿನಿಂದ ಅರ್ತ್‌ಗೆ ಸೇರುತ್ತದೆ. ತಂತು ಬಲ್ಬುಗಳಿದ್ದಷ್ಟು ಕಾಲ ಈ ಉಪಾಯ ನಡೆಯುತ್ತದೆ. ಹೊರಗಿನ ಇಂಡಿಕೇಟರುಗಳನ್ನು ಎಲ್‌ಇಡಿಗೆ ಬದಲಿಸಿದ ಕೂಡಲೆ ಫಲಕದ ಬಲ್ಬಿನ ಮೂಲಕ ಹರಿಯುವ ಅಲ್ಪ ಪ್ರವಾಹವೇ ಎದುರು ಬದಿಯನ್ನೂ ಉರಿಸಿ ನಾಲ್ಕೂ ಒಟ್ಟಿಗೆ ಮಿಟುಕುತ್ತವೆ. ಪರಿಹಾರ ಎರಡು ಡಯೋಡುಗಳು: ಎಡ, ಬಲ ಸಾಲಿನಿಂದ ಒಂದೊಂದು ಡಯೋಡ್ ಹೊರಟು ದೀಪದ ಪಾಸಿಟಿವ್‌ನಲ್ಲಿ ಕೂಡಬೇಕು, ದೀಪದ ಇನ್ನೊಂದು ತುದಿ ನೇರ ಅರ್ತ್‌ಗೆ ಹೋಗಬೇಕು. ಹೊರಗಿನ ದೀಪಗಳು ಎಲ್‌ಇಡಿ ಆದಾಗ ಭಾರ ಕಡಿಮೆಯಾಗಿ ಹಳೆಯ ಫ್ಲಾಶರ್ ಅತಿವೇಗವಾಗಿ ಮಿಟುಕುತ್ತದೆ ಅಥವಾ ಸುಮ್ಮನಾಗುತ್ತದೆ. ಅದರ ಜಾಗಕ್ಕೆ ಭಾರವನ್ನು ಅವಲಂಬಿಸದ ಎಲೆಕ್ಟ್ರಾನಿಕ್ ಫ್ಲಾಶರ್ ಬೇಕು.

ಹೈಬೀಮ್: ಹೆಡ್‌ಲೈಟಿನ ಹೈಬೀಮ್ ತಂತಿಯಿಂದಲೇ ಕವಲು ತೆಗೆದರೆ ಸಾಕು. ಆದರೆ 2017ರ ಏಪ್ರಿಲ್‌ನಲ್ಲಿ ಹೆಡ್‌ಲೈಟ್ ಸದಾ ಉರಿಯಬೇಕೆಂಬ ನಿಯಮ ಬರುವ ಮುಂಚಿನ ಅನೇಕ ಸಣ್ಣ ಭಾರತೀಯ ಬೈಕುಗಳಲ್ಲಿ ಹೆಡ್‌ಲೈಟಿಗೆ ಬ್ಯಾಟರಿಯಿಂದಲ್ಲ, ಮ್ಯಾಗ್ನೆಟ್ ಕಾಯಿಲಿನಿಂದ ನೇರವಾಗಿ ಎಸಿ ವಿದ್ಯುತ್ ಹೋಗುತ್ತದೆ. ಅಲ್ಲಿ ಎಲ್‌ಇಡಿ ಹಾಕುವಾಗ ಡಯೋಡ್ ಕಡ್ಡಾಯ. ಹಾಕಿದರೂ ಎಂಜಿನ್ ನಿಧಾನವಾಗಿರುವಾಗ ದೀಪ ನಡುಗುತ್ತದೆ.

ಚಾರ್ಜಿಂಗ್: ಈ ದೀಪ ಕೆಲವು ಬೈಕುಗಳಲ್ಲಿ ಬರೀ ಸೂಚಕವಲ್ಲ, ವ್ಯವಸ್ಥೆಯ ಒಂದು ಅಂಗ. 1969ರಲ್ಲಿ ಬಂದ ಬಿಎಂಡಬ್ಲ್ಯು ಬಾಕ್ಸರ್ ಸರಣಿಯಲ್ಲಿ ಆಲ್ಟರ್ನೇಟರಿನ ರೋಟರಿಗೆ ಮೊದಲ ಪ್ರವಾಹ ಹೋಗುವುದು ಈ ಬಲ್ಬಿನ ಮೂಲಕವೇ. ಬಲ್ಬು ಸುಟ್ಟರೆ ಚಾರ್ಜಿಂಗ್ ಶುರುವಾಗದು. ಬದಲಿಗೆ ಎಲ್‌ಇಡಿ ಹಾಕುವವರು ಮೂಲ ಬಲ್ಬಿನಷ್ಟೇ ಪ್ರವಾಹ ಹರಿಸುವ ರೆಸಿಸ್ಟರನ್ನು ಅದಕ್ಕೆ ಸಮಾಂತರವಾಗಿ ಜೋಡಿಸಬೇಕು. ಶಾಶ್ವತ ಅಯಸ್ಕಾಂತದ ಆಲ್ಟರ್ನೇಟರ್ ಮತ್ತು ಆರ್‌ಆರ್ (ರೆಗ್ಯುಲೇಟರ್-ರೆಕ್ಟಿಫೈಯರ್) ಯೂನಿಟ್ ಇರುವ ಇಂದಿನ ಬೈಕುಗಳಲ್ಲಿ ಇಂಥ ದೀಪಕ್ಕೆ ತಂತಿ ಇರುವುದಿಲ್ಲ. ಅಲ್ಲಿ ವೋಲ್ಟೇಜ್ ನೋಡಿ ಉರಿಯುವ ಪುಟ್ಟ ಮಂಡಲವನ್ನು ಸೇರಿಸಬಹುದು. ಓಡುವ ಎಂಜಿನ್ನಿನಲ್ಲಿ 13.5ರಿಂದ 14.5 ವೋಲ್ಟ್ ಸಹಜ. 15 ದಾಟಿದರೆ ಆರ್‌ಆರ್ ಯೂನಿಟ್ ಕೆಟ್ಟಿರುವ ಲಕ್ಷಣ.

ಪೆಟ್ರೋಲ್: ಕಡಿಮೆ ಪೆಟ್ರೋಲ್ ತೋರುವ ದೀಪಕ್ಕೆ ಅನೇಕ ಬೈಕುಗಳಲ್ಲಿ ಥರ್ಮಿಸ್ಟರ್ ಬಳಸುತ್ತಾರೆ. ಪೆಟ್ರೋಲಿನಲ್ಲಿ ಮುಳುಗಿರುವಾಗ ಅದು ತಂಪಾಗಿದ್ದು ಹೆಚ್ಚು ರೋಧ ಒಡ್ಡುತ್ತದೆ. ಮಟ್ಟ ಇಳಿದು ಹೊರಬಿದ್ದಾಗ ತನ್ನಲ್ಲಿ ಹರಿಯುವ ಪ್ರವಾಹದಿಂದಲೇ ಬಿಸಿಯಾಗಿ ರೋಧ ಇಳಿದು ಬಲ್ಬು ಉರಿಯುತ್ತದೆ. ಬಲ್ಬಿನ ಬದಲು ಎಲ್‌ಇಡಿ ಹಾಕಿದರೆ ಎರಡು ತೊಂದರೆ: ಥರ್ಮಿಸ್ಟರನ್ನು ಬಿಸಿಮಾಡುವಷ್ಟು ಪ್ರವಾಹ ಹರಿಯದು, ಮುಳುಗಿರುವಾಗ ಹರಿಯುವ ಅಲ್ಪ ಪ್ರವಾಹಕ್ಕೂ ಎಲ್‌ಇಡಿ ಮಂಕಾಗಿ ಉರಿದುಬಿಡುತ್ತದೆ. ಇಲ್ಲಿಯೂ ಸಮಾಂತರ ರೆಸಿಸ್ಟರ್ ಬೇಕು. ಇಲ್ಲವೆ ಮೂಲ ಬಲ್ಬನ್ನೇ ಉಳಿಸಿಕೊಳ್ಳಬೇಕು.

ಎಂಜಿನ್ ಮತ್ತು ಎಬಿಎಸ್: ಇಂಜೆಕ್ಷನ್ ಬೈಕುಗಳ ಎಂಜಿನ್ ದೀಪ ಕೀ ಹಾಕಿದಾಗ ಕ್ಷಣಕಾಲ ಉರಿದು ಆರುವುದು ಸ್ವಪರೀಕ್ಷೆಯ ಭಾಗ. ಹಲವು ಮಾದರಿಗಳಲ್ಲಿ ಇದೇ ದೀಪ ದೀರ್ಘ, ಹ್ರಸ್ವ ಮಿಟುಕುಗಳಿಂದ ದೋಷದ ಸಂಖ್ಯೆಯನ್ನೂ ಹೇಳುತ್ತದೆ. ಇದನ್ನು ಬಿಟ್ಟುಬಿಟ್ಟರೆ ಮೆಕ್ಯಾನಿಕ್‌ಗೆ ದೋಷ ಹುಡುಕುವ ಸುಲಭ ದಾರಿ ಮುಚ್ಚುತ್ತದೆ. ಎಬಿಎಸ್ ದೀಪ ಕೀ ಹಾಕಿದಾಗ ಉರಿದು, ಬೈಕು ಗಂಟೆಗೆ ಸುಮಾರು 5ರಿಂದ 10 ಕಿ.ಮೀ. ವೇಗ ಮುಟ್ಟಿ ಚಕ್ರದ ಸೆನ್ಸರುಗಳ ಸಂಕೇತ ಸರಿಯಿದ್ದರೆ ಆರುತ್ತದೆ. ಇಸಿಯುವಿನೊಳಗಿನ ಟ್ರಾನ್ಸಿಸ್ಟರ್ ಮೂಲ ದೀಪದ ಪ್ರವಾಹಕ್ಕೆ ತಕ್ಕಂತೆ ಇರುವುದರಿಂದ ಹೆಚ್ಚು ವ್ಯಾಟಿನ ಬಲ್ಬು ಹಾಕಬಾರದು.

ತಂತಿ, ಕಪ್ಲರ್, ಅರ್ತ್

ಸೂಚಕ ದೀಪಗಳಿಗೆ 0.5 ಚದರ ಮಿ.ಮೀ. ತಂತಿ ಸಾಕು. ಫಲಕಕ್ಕೆ ಪ್ರತ್ಯೇಕವಾಗಿ ಸಣ್ಣ ಫ್ಯೂಸ್ ಕೊಟ್ಟರೆ, ಅಲ್ಲಿ ಶಾರ್ಟ್ ಆದಾಗ ಇಗ್ನಿಷನ್ ಬಂದಾಗುವುದಿಲ್ಲ.

ತಂತಿಯ ಬಣ್ಣ ಗುರುತಿಸುವುದು ಅರ್ಧ ಕೆಲಸ. ಹೋಂಡಾ ಪದ್ಧತಿಯಲ್ಲಿ ಅರ್ತ್ ಹಸಿರು, ನ್ಯೂಟ್ರಲ್ ತಿಳಿಹಸಿರಿನ ಮೇಲೆ ಕೆಂಪು ಗೆರೆ, ಹೈಬೀಮ್ ನೀಲಿ, ಎಡ ಇಂಡಿಕೇಟರ್ ಕಿತ್ತಳೆ, ಬಲ ಇಂಡಿಕೇಟರ್ ತಿಳಿನೀಲಿ. ಯಮಾಹಾ ಪದ್ಧತಿಯಲ್ಲಿ ಅರ್ತ್ ಕಪ್ಪು, ನ್ಯೂಟ್ರಲ್ ಆಕಾಶನೀಲಿ, ಹೈಬೀಮ್ ಹಳದಿ, ಎಡ ಇಂಡಿಕೇಟರ್ ಚಾಕೊಲೇಟ್ ಕಂದು, ಬಲ ಇಂಡಿಕೇಟರ್ ಕಡುಹಸಿರು. ಒಂದು ಕಂಪನಿಯ ಬಣ್ಣದ ಲೆಕ್ಕದಲ್ಲಿ ಇನ್ನೊಂದರ ತಂತಿ ಕತ್ತರಿಸುವುದು ಅಪಾಯ. ಮಾದರಿಯ ವೈರಿಂಗ್ ನಕ್ಷೆಯನ್ನೇ ಪ್ರಮಾಣವಾಗಿ ಹಿಡಿಯಬೇಕು.

ಮೂಲ ವೈರಿಂಗ್ ಕಿಟ್ಟನ್ನು ಕತ್ತರಿಸದೆ ಅದರ ಮೀಟರ್ ಕಪ್ಲರಿಗೆ ಕೂರುವ ಜೋಡಿಯನ್ನು ಕೊಂಡು, ಹೊಸ ತಂತಿಗಳನ್ನು ಅಲ್ಲಿಂದ ಹೊರಡಿಸುವುದು ಉತ್ತಮ. ಬೇಕೆಂದಾಗ ಮೂಲ ಮೀಟರನ್ನು ಮರಳಿ ಹಾಕಬಹುದು. ಇಂಥ ಕಪ್ಲರ್, ಮೀಟರ್ ಭಾಗಗಳಿಗೆ ಬೆಂಗಳೂರಿನಲ್ಲಿ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಡಯೋಡ್, ರೆಸಿಸ್ಟರ್, ಎಲ್‌ಇಡಿಗಳಿಗೆ ಎಸ್.ಪಿ. ರಸ್ತೆ ಹೆಸರಾಗಿವೆ. ಬೆಸುಗೆ ಹಾಕಿದ ಜಾಗದ ಪಕ್ಕದಲ್ಲಿ ತಂತಿ ಪೆಡಸಾಗಿ ಕಂಪನಕ್ಕೆ ಮುರಿಯುವುದರಿಂದ, ಒತ್ತಿ ಕೂರಿಸುವ ಟರ್ಮಿನಲ್‌ಗಳೂ ಅವುಗಳ ಮೇಲೆ ಶಾಖಕ್ಕೆ ಕುಗ್ಗುವ ಕೊಳವೆಯೂ ಬೈಕಿಗೆ ಹೆಚ್ಚು ಹೊಂದುತ್ತವೆ. ಹ್ಯಾಂಡಲನ್ನು ಎರಡೂ ಕೊನೆಗೆ ತಿರುಗಿಸಿದಾಗ ತಂತಿ ಎಳೆಯದಷ್ಟು ಸಡಿಲ ಬಿಡಬೇಕು.

ಪೌಡರ್ ಕೋಟಿಂಗ್ ಆದ ಚಾಸಿಯಲ್ಲಿ ಬಣ್ಣ ಕೆರೆದು ಅರ್ತ್ ಕೊಡದಿದ್ದರೆ ಸಂಪರ್ಕ ಸಿಗುವುದಿಲ್ಲ. ಹ್ಯಾಂಡಲ್ ಕಡೆಯ ಅರ್ತ್‌ಗೆ ಗ್ರೀಸ್ ತುಂಬಿದ ಬೇರಿಂಗನ್ನು ನೆಚ್ಚದೆ ಪ್ರತ್ಯೇಕ ತಂತಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಒಯ್ಯಬೇಕು. ಅರ್ತ್ ಸಡಿಲವಾದರೆ ಒಂದು ದೀಪದ ಪ್ರವಾಹ ಇನ್ನೊಂದರ ಮೂಲಕ ದಾರಿ ಹುಡುಕುತ್ತದೆ. ಇಂಡಿಕೇಟರ್ ಹಾಕಿದರೆ ಹೈಬೀಮ್ ದೀಪವೂ ಮಂಕಾಗಿ ಮಿಟುಕುವುದು ಇದರ ಗುರುತು.

ಕ್ಯಾನ್ ಜಾಲದ ಬೈಕುಗಳು

1986ರಲ್ಲಿ ಬಾಷ್ ಕಂಪನಿ ಪ್ರಕಟಿಸಿದ ಕ್ಯಾನ್ ವ್ಯವಸ್ಥೆಯನ್ನು ಬಳಸುವ ಬೈಕುಗಳಲ್ಲಿ ಪ್ರತಿ ದೀಪಕ್ಕೂ ಬೇರೆ ತಂತಿ ಇರುವುದಿಲ್ಲ. ಹೆಣೆದ ಎರಡು ತಂತಿಗಳ ಮೇಲೆ ಇಸಿಯು, ಎಬಿಎಸ್ ಮತ್ತು ಮೀಟರ್ ಸಂದೇಶಗಳನ್ನು ಹಂಚಿಕೊಳ್ಳುತ್ತವೆ. ಯಾವ ದೀಪ ಉರಿಯಬೇಕೆಂದು ತೀರ್ಮಾನಿಸುವುದು ಮೀಟರಿನೊಳಗಿನ ಪ್ರೊಸೆಸರ್. ಜಾಲದ ಎರಡು ಕೊನೆಯಲ್ಲಿ 120 ಓಮಿನ ರೆಸಿಸ್ಟರುಗಳಿರುತ್ತವೆ; ಬ್ಯಾಟರಿ ಕಳಚಿ ಅಳೆದರೆ ಸುಮಾರು 60 ಓಮ್ ತೋರಬೇಕು. ಅವುಗಳಲ್ಲೊಂದು ಮೀಟರಿನೊಳಗೇ ಇರುವ ಬೈಕಿನಲ್ಲಿ ಮೀಟರ್ ತೆಗೆದರೆ ಜಾಲವೇ ಅಸ್ಥಿರವಾಗಬಹುದು. ಇಂಥ ಬೈಕುಗಳಿಗೆ ಆ ಮಾದರಿಯ ಸಂದೇಶಗಳನ್ನು ಓದಬಲ್ಲ ಮೀಟರೋ ಪರಿವರ್ತಕವೋ ಬೇಕು. ಜರ್ಮನಿಯ ಮೋಟೊಗ್ಯಾಜೆಟ್, ತೈವಾನಿನ ಕೋಸೊ, ಏಸ್‌ವೆಲ್ ಮೊದಲಾದವು ಮರುರೂಪಿತ ಬೈಕುಗಳಿಗೆ ಮೀಟರ್ ತಯಾರಿಸುವ ಹೆಸರಾಂತ ಕಂಪನಿಗಳು.

ಪರೀಕ್ಷೆ

ಮೊದಲ ಪರೀಕ್ಷೆ ಕೀ ಹಾಕಿ ಎಂಜಿನ್ ಹಚ್ಚುವ ಮುಂಚಿನದು: ನ್ಯೂಟ್ರಲ್, ಆಯಿಲ್, ಎಂಜಿನ್, ಎಬಿಎಸ್ ದೀಪಗಳು ಉರಿಯಬೇಕು. ಉರಿಯದ ದೀಪ ಸುಸ್ಥಿತಿಯ ಸೂಚನೆಯಲ್ಲ. ಅದರ ಬಲ್ಬು ಹೋಗಿರಬಹುದು, ತಂತಿ ಕಡಿದಿರಬಹುದು. ಎರಡನೆಯದು, ಸೆಂಟರ್ ಸ್ಟ್ಯಾಂಡ್ ಹಾಕಿ ಗೇರಿಗೆ ಹಾಕಿ ಕ್ಲಚ್ ಹಿಡಿಯುವುದು: ಹಸಿರು ದೀಪ ಆರಿಯೇ ಇರಬೇಕು. ಮೂರನೆಯದು, ಆಯಿಲ್ ಸ್ವಿಚ್ಚಿನ ತಂತಿ ಕಳಚಿದರೆ ದೀಪ ಆರಬೇಕು, ಎಂಜಿನ್ ಕವಚಕ್ಕೆ ತಾಗಿಸಿದರೆ ಉರಿಯಬೇಕು. ಕೊನೆಗೆ ಎಂಜಿನ್ ಓಡಿಸಿ, ಎಲ್ಲ ದೀಪಗಳನ್ನೂ ಹಾಕಿ, ಹ್ಯಾಂಡಲ್ ತಿರುಗಿಸುತ್ತ ಲೂಸ್ ಕಾಂಟ್ಯಾಕ್ಟ್ ನೋಡಬೇಕು. ಇಸಿಯು ತಂತಿಗಳ ಮೇಲೆ ಬಲ್ಬಿನ ಟೆಸ್ಟರ್ ಬಳಸದೆ ಮಲ್ಟಿಮೀಟರನ್ನೇ ಬಳಸಬೇಕು.

ಕಾನೂನು

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಬೈಕಿನಲ್ಲಿ ಕೆಲಸ ಮಾಡುವ ಸ್ಪೀಡೊಮೀಟರ್ ಇರಲೇಬೇಕು. ಫಲಕವನ್ನು ಬದಲಿಸುವವರು ಮೊದಲು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ಮೂಲ ಮೀಟರನ್ನು ಎಸೆಯದೆ ಜೋಪಾನವಾಗಿ ಇಟ್ಟುಕೊಳ್ಳುವುದು ಒಳ್ಳೆಯದು.